ನೆರೆ ಬರುವ ಹೊತ್ತು

ಟೈಲರಕ್ಕನ ಕೊರಳಲ್ಲಿ ಅಳತೆ ಟೇಪು, ಮೂಗಿನ ತುದಿಯಲ್ಲಿ ಕೋಪ. ಇವೆರಡೂ ಇಲ್ಲದೆ ಅವಳನ್ನು ಕಂಡವರಿಲ್ಲ. ಶಾಲೆಯ ಸಮವಸ್ತ್ರ, ಕಿಟಕಿ ಪರದೆ, ದಿಂಬಿನ ಚೀಲ ಹೊಲಿದು ಮನೆ ನಡೆಸುವವಳು. ಗಂಡ ಲಾರಿ ಓಡಿಸುತ್ತ ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಮನೆಯಲ್ಲಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಅತ್ತೆ. ಕಾಲು ನಿಂತುಹೋಗಿತ್ತು, ಬಾಯಿ ನಿಂತಿರಲಿಲ್ಲ.

ಪಕ್ಕದ ಮಹಡಿ ಮನೆಯಲ್ಲಿ ಒಬ್ಬ ನಿವೃತ್ತ ಕಂಪೌಂಡರ್ ಇದ್ದ. ಹದಿನಾಲ್ಕು ವರ್ಷದ ಹಿಂದೆ ಅವನು ಇವಳ ಏಣಿ ಎರವಲು ಒಯ್ದು, ಒಂದು ಮೆಟ್ಟಿಲು ಕಡಿಮೆ ಮಾಡಿ ತಂದುಕೊಟ್ಟಿದ್ದ. ಅಂದಿನಿಂದ ಟೈಲರಕ್ಕ ಅವನೊಂದಿಗೆ ಮಾತು ಬಿಟ್ಟಳು. ತೊಂದರೆ ಏನೆಂದರೆ ಅವನು ಬಿಡಲಿಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ಹಿತ್ತಲ ಬಾಗಿಲಿಂದ ಪೇಪರ್ ಹಿಡಿದು ಬಂದು, ಅತ್ತೆಯ ಮಂಚದ ಪಕ್ಕ ಕೂತು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಟ್ಟಿಯಾಗಿ ಓದುತ್ತಿದ್ದ.

ಹೀಗಿರುವಾಗ ಮಳೆಗಾಲಕ್ಕೆ ಮುಂಚೆ ತಾಲೂಕು ಕಚೇರಿಯಿಂದ ಮನೆಮನೆಗೂ ಒಂದು ನಮೂನೆ ಬಂತು. ಟೈಲರಕ್ಕನ ಮನೆ ಬೀದಿಯ ತಗ್ಗಿನ ತುದಿಯಲ್ಲಿ, ಹೊಳೆಗೆ ಇಪ್ಪತ್ತು ಮಾರು ದೂರದಲ್ಲಿತ್ತು. ಆ ಊರಿನವರು ಹೊಳೆ ಏರಿತು ಎನ್ನುತ್ತಾರೆ, ನೀರು ನುಗ್ಗಿತು ಎನ್ನುತ್ತಾರೆ. ನೆರೆ ಎಂದರೆ ಅವರಿಗೆ ನೆರೆಹೊರೆಯ ನೆರೆ, ಅಷ್ಟೇ. ಪ್ರವಾಹಕ್ಕೆ ನೆರೆ ಎನ್ನುವುದು ಕಚೇರಿಯವರ ಮತ್ತು ಪೇಪರಿನವರ ಮಾತು. ಪೇಪರಿನಲ್ಲಿ ಆ ಪದ ಬರುತ್ತಿತ್ತು, ನಿಜ. ಆದರೆ ಪೇಪರ್ ಓದುವವನು ಯಾರು? ಅವನು ಓದತೊಡಗಿದರೆ ಟೈಲರಕ್ಕ ಮೆಷಿನ್ ಇನ್ನೂ ಜೋರಾಗಿ ತುಳಿಯುತ್ತಿದ್ದಳು.

‘ನೆರೆಯಿಂದ ನಿಮಗೆ ತೊಂದರೆ ಇದೆಯೇ?’ ಎಂಬುದು ಮೊದಲ ಪ್ರಶ್ನೆ. ಇಷ್ಟು ವರ್ಷಕ್ಕಾದರೂ ಕೇಳುವವರು ಹುಟ್ಟಿದರಲ್ಲ ಎಂದು ಟೈಲರಕ್ಕನ ಎದೆ ತುಂಬಿಬಂತು. ‘ದಿನವೂ ಇದೆ’ ಎಂದು ಬರೆದಳು. ‘ನೆರೆ ಸಾಮಾನ್ಯವಾಗಿ ಯಾವಾಗ ಬರುತ್ತದೆ?’ ಬರುತ್ತಾರೆ ಅಲ್ಲ, ಬರುತ್ತದೆ! ಅವನ ಯೋಗ್ಯತೆ ಕಚೇರಿಯವರಿಗೂ ಗೊತ್ತಾಗಿದೆ ಎಂದು ಅವಳಿಗೆ ಖುಷಿಯೋ ಖುಷಿ. ‘ಬೆಳಿಗ್ಗೆ ಏಳಕ್ಕೆ, ಹಿತ್ತಲ ಕಡೆಯಿಂದ.’ ‘ಎಷ್ಟು ಹೊತ್ತು ನಿಲ್ಲುತ್ತದೆ?’ ‘ನಿಲ್ಲುವುದಿಲ್ಲ, ಕೂರುತ್ತದೆ. ಒಂಬತ್ತರ ತನಕ.’ ‘ಈವರೆಗೆ ಆದ ನಷ್ಟ?’ ‘ಏಣಿಯ ಮೆಟ್ಟಿಲು ಒಂದು, ದೊಡ್ಡ ಕತ್ತರಿ ಒಂದು.’ ‘ನೆರೆ ಎದುರಿಸಲು ಕೈಗೊಂಡ ಕ್ರಮ?’ ‘ಮಾತು ಬಿಟ್ಟಿದ್ದೇನೆ. ಪ್ರಯೋಜನವಾಗಿಲ್ಲ.’ ‘ನೆರೆ ಬಂದಾಗ ನಡೆಯಲಾಗದವರನ್ನು ಎಲ್ಲಿಗೆ ಸಾಗಿಸುವಿರಿ?’ ಇದು ಅವಳಿಗೆ ಸ್ವಲ್ಪ ಅತಿಯಾಯಿತು ಅನಿಸಿತು. ಆದರೂ ಪ್ರಾಮಾಣಿಕವಾಗಿ ಬರೆದಳು: ‘ಎಲ್ಲಿಗೂ ಇಲ್ಲ. ನೆರೆ ಬಂದರೆ ಅತ್ತೆಗೆ ಸಂತೋಷ.’

ಹತ್ತೇ ದಿನದಲ್ಲಿ, ಬೆಳಿಗ್ಗೆ ಆರೂಮುಕ್ಕಾಲಿಗೆ, ಮೊಣಕಾಲುದ್ದದ ಬೂಟು ಹಾಕಿಕೊಂಡು ಕಚೇರಿಯ ಮೇಡಂ ಬಾಗಿಲಲ್ಲಿ ನಿಂತಿದ್ದರು.

“ಇಡೀ ಹೊಳೆಸಾಲಲ್ಲಿ ದಿನಾ ನೆರೆ ಬರೋದು ನಿಮ್ಮ ಮನೆಗೊಂದೇ ಕಣ್ರೀ. ಕಣ್ಣಾರೆ ನೋಡೋಣ ಅಂತ ಬಂದೆ.”

“ಕೂತ್ಕೊಳ್ಳಿ. ಇನ್ನೊಂದು ಹದಿನೈದು ನಿಮಿಷ,” ಎಂದಳು ಟೈಲರಕ್ಕ.

ಮೇಡಂ ಕೂರಲಿಲ್ಲ. ಹೊಳೆಯ ಕಡೆಗೇ ಕಣ್ಣು ನೆಟ್ಟು ನಿಂತರು. ಏಳಕ್ಕೆ ಸರಿಯಾಗಿ ಹಿತ್ತಲ ಬಾಗಿಲು ಕಿರುಗುಟ್ಟಿತು.

“ಬಂತು ನೋಡಿ.”

ಮೇಡಂ ಬೂಟುಗಾಲಲ್ಲೇ ಕುರ್ಚಿ ಹತ್ತಿಬಿಟ್ಟರು. ಒಳಗೆ ಬಂದದ್ದು ಕಂಕುಳಲ್ಲಿ ಪೇಪರ್ ಸಿಕ್ಕಿಸಿಕೊಂಡ ಕಂಪೌಂಡರ್.

ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಮೇಡಂಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಕಂಪೌಂಡರ್ ನಮೂನೆ ಈಸಿಕೊಂಡು, ಕನ್ನಡಕ ಏರಿಸಿ, ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಓದಿದ. ನಾಲ್ಕನೆಯ ಉತ್ತರಕ್ಕೆ ಬರುವಷ್ಟರಲ್ಲಿ ದನಿ ತಗ್ಗಿತು.

“ಕತ್ತರಿ ವಾಪಸ್ ಕೊಟ್ಟಿದ್ದೆ,” ಎಂದ.

“ಕೊಟ್ಟಿಲ್ಲ ಅಂತ ಹೇಳಿ ಮೇಡಂ.”

ಅವನು ಪೇಪರನ್ನು ಅತ್ತೆಯ ಹಾಸಿಗೆಯ ಮೇಲಿಟ್ಟು ಬಂದ ದಾರಿಯಲ್ಲೇ ಹೊರಟುಹೋದ. ಮೇಡಂ ನಗು ನಿಲ್ಲಿಸಿದರು.

“ತಮಾಷೆ ಇರ್ಲಿ. ನಿಜವಾದ ನೀರು ಬಂದ್ರೆ ಈ ಮನೆ ಮುಳುಗೋಕೆ ಅರ್ಧ ಗಂಟೆ ಸಾಕು. ನಮ್ಮ ದೋಣಿ ಬರೋಕೆ ಎರಡು ಗಂಟೆ ಬೇಕು. ಅಜ್ಜಿನ ಏನು ಮಾಡ್ತೀರಿ? ಈ ಬೀದೀಲಿ ಮಹಡಿ ಇರೋದು ಅವರದೊಂದೇ. ಇಂದಿಗೆ ಹತ್ತನೇ ದಿನ ಬೆಳಿಗ್ಗೆ ಅಣಕು ಅಭ್ಯಾಸ ಇದೆ, ಅಷ್ಟರಲ್ಲಿ ಅವರನ್ನ ಒಪ್ಪಿಸಿ.”

ಟೈಲರಕ್ಕ ಅಂದೇ ದಪ್ಪ ಡೇರೆಬಟ್ಟೆ ತಂದು, ಎರಡು ಪದರ ಹಾಕಿ, ನಾಲ್ಕು ಹಿಡಿ ಇಟ್ಟು, ಅತ್ತೆಯನ್ನು ಹೊರುವ ಹಾಸನ್ನು ಹೊಲಿದಳು. ಹೊಲಿಗೆ ಗಟ್ಟಿಯಾಗಿತ್ತು, ಎರಡು ಮೂಟೆ ಹಾಕಿದರೂ ಜಗ್ಗುವಂಥದ್ದಲ್ಲ. ಆದರೆ ಹಿಡಿ ನಾಲ್ಕಿದ್ದು ಕೈ ಎರಡೇ ಇದ್ದರೆ ಮಾಡುವುದೇನು? ಒಬ್ಬಳೇ ಎಳೆದು ನೋಡಿದಳು. ಅತ್ತೆ ಹೊಸ್ತಿಲವರೆಗೆ ಬಂದು ಅಲ್ಲೇ ಸಿಕ್ಕಿಕೊಂಡರು.

ಕಂಪೌಂಡರ್ ಆ ಕಡೆ ಸುಳಿಯಲಿಲ್ಲ. ಹದಿನಾಲ್ಕು ವರ್ಷ ಬಯಸಿದ ಮೌನ ಕೊನೆಗೂ ಮನೆಗೆ ಬಂದಿತ್ತು. ಅದರಲ್ಲಿ ಟೈಲರಕ್ಕನಿಗೆ ಒಂದು ಕಾಲರೂ ನೆಟ್ಟಗೆ ಕೂರಿಸಲಾಗಲಿಲ್ಲ. ಅವಳಿಗೆ ನಾಚಿಕೆಯಾಗುತ್ತಿತ್ತು, ನಾಚಿಕೆಯಾದದ್ದಕ್ಕೆ ಸಿಟ್ಟೂ ಬರುತ್ತಿತ್ತು. ಅತ್ತೆ ಮುಖ ಊದಿಸಿಕೊಂಡು ಗೋಡೆಗೆ ತಿರುಗಿ ಮಲಗಿದರು.

“ನಾನು ಏಳಲಾರದವಳು, ಇಲ್ದಿದ್ರೆ ನಾನೇ ಹೋಗಿ ಕರೀತಿದ್ದೆ,” ಎಂದಷ್ಟೇ ಹೇಳಿದರು.

ಅಭ್ಯಾಸದ ದಿನ ಹತ್ತಕ್ಕೆ ಸೈರನ್ ಕೂಗಿತು. ಮೇಡಂ ಬೀದಿಯಲ್ಲಿ ಗಡಿಯಾರ ಹಿಡಿದು ನಿಂತರು. ಟೈಲರಕ್ಕ ಹಲ್ಲು ಕಚ್ಚಿಕೊಂಡು ಕಾಂಪೌಂಡ್ ಗೋಡೆಯ ಹತ್ತಿರ ಹೋದಳು. ಅವನು ಆಚೆ ಗಿಡಕ್ಕೆ ನೀರು ಹಾಕುತ್ತಿದ್ದ. ಬಾಯಿಪಾಠ ಮಾಡಿಕೊಂಡ ಮಾತೆಲ್ಲ ಮರೆತುಹೋಯಿತು.

“ತಲೆ ಕಡೆ ನಾನು ಹಿಡೀತೀನಿ, ಕಾಲು ಕಡೆ ನೀವು ಹಿಡೀರಿ,” ಎಂದಳು. ಹದಿನಾಲ್ಕು ವರ್ಷದ ಮೇಲೆ ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಅವನು ತಂಬಿಗೆ ಕೆಳಗಿಟ್ಟ. “ಮೆಟ್ಟಿಲು ಕಿರಿದು. ಹಿಡಿಸ್ತಾರಾ?”

“ಮೆಟ್ಟಿಲು ಎಷ್ಟಿದೆ?”

“ಮೂವತ್ತಿಂಚು.”

“ಅತ್ತೆ ಇಪ್ಪತ್ತೆಂಟು. ನಡೀರಿ.”

ಹಿಡಿಸಿದರು. ತಿರುವಿನಲ್ಲಿ ಮಾತ್ರ ಅತ್ತೆ, “ನಾನೇನು ಬೀರುನಾ, ಓರೆ ಮಾಡ್ತೀರಲ್ಲ,” ಎಂದು ಇಬ್ಬರಿಗೂ ಸಮನಾಗಿ ಬೈದರು. ಹನ್ನೊಂದು ನಿಮಿಷದಲ್ಲಿ ಮಹಡಿಯ ಕಿಟಕಿಯ ಪಕ್ಕದ ಮಂಚ ಸೇರಿದರು. ಮೇಡಂ ಕೆಳಗಿನಿಂದ, ಸಾಕು, ಇಳಿಸಿ ಎಂದು ಕೂಗಿದರು.

“ನಾನು ಇಳಿಯಲ್ಲ,” ಎಂದರು ಅತ್ತೆ. “ಮಳೆಗಾಲ ಮುಗಿಯೋ ತನಕ ಇಲ್ಲೇ ಇರ್ತೀನಿ.”

“ಇರ್ಲಿ ಬಿಡಿ,” ಎಂದ ಕಂಪೌಂಡರ್, ಏದುಸಿರು ಬಿಡುತ್ತ.

ಟೈಲರಕ್ಕನಿಗೆ ಚುರುಕ್ಕೆಂದಿತು. “ನಾನು ನಿಮ್ಮನ್ನ ಬಿಟ್ಟು ಓಡಿಹೋಗ್ತೀನಿ ಅಂತ ಹೆದರಿಕೇನಾ ನಿಮಗೆ?”

ಅತ್ತೆ ಕಿಟಕಿಯಾಚೆ ಹೊಳೆಯನ್ನು ನೋಡುತ್ತಿದ್ದರು. ಕಂಪೌಂಡರ್ ಇದ್ದಾನೆಂಬ ಸಂಕೋಚವನ್ನೂ ಮಾಡಲಿಲ್ಲ.

“ನೀನು ಓಡಿಹೋಗೋಳಾಗಿದ್ರೆ ನಾನು ಮಳೆ ಬಂದಾಗ್ಲೂ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ ಕಣೇ,” ಎಂದರು. “ನೀನು ಹೋಗಲ್ಲ. ಅಲ್ಲೇ ಕೂತಿರ್ತೀಯ. ಅದಕ್ಕೇ ಹೆದರಿಕೆ.”

ಟೈಲರಕ್ಕ ಕೊರಳ ಟೇಪು ತೆಗೆದು, ಅತ್ತೆಯ ಕಣ್ಣಿಗೆ ಬಿಸಿಲು ಬೀಳದ ಹಾಗೆ ಒಂದು ಪರದೆಗೆಂದು ಆ ಕಿಟಕಿಯನ್ನು ಅಳೆಯತೊಡಗಿದಳು. ಅಳತೆ ಎರಡು ಸಲ ತಪ್ಪಿತು.