ಅಪ್ಪನ ರುಮಾಲಿನ ಎಲೆ

ಸವಣೂರಿನಲ್ಲಿ ಯಾರ ಮನೆಗೆ ಹೋದರೂ ಕೂತ ಮೇಲೆ ಎಲೆ-ಅಡಿಕೆಯ ತಟ್ಟೆ ಮುಂದೆ ಬರುತ್ತದೆ. ಬಂದವರು ಒಂದು ಎಲೆ ಎತ್ತಿ, ಸುಣ್ಣ ಸವರಿ, ಮಡಚಿ ಬಾಯಿಗೆ ಹಾಕಿಕೊಳ್ಳುತ್ತಾರೆ. ನಮ್ಮ ಅಕ್ಕ ಉಡಚವ್ವ ಮಾತ್ರ ತಟ್ಟೆಗೆ ಕೈ ಹಾಕುವ ಮುಂಚೆ ಮನೆಯವರ ಮುಖ ನೋಡಿ, "ಈ ಎಲಿ ಯಾರ ಮನೀವು?" ಎಂದು ಕೇಳುತ್ತಿದ್ದಳು. ಮದುವೆ ಮನೆಯಾಗಲಿ, ತೊಟ್ಟಿಲ ಮನೆಯಾಗಲಿ, ಬಿಡುತ್ತಿರಲಿಲ್ಲ. ಜನ ಬೆನ್ನ ಹಿಂದೆ ನಗುತ್ತಿದ್ದರು. ಆ ನಗು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅಕ್ಕ ಹಾಗೆ ಯಾಕೆ ಕೇಳುತ್ತಿದ್ದಳೆಂದು ಒಬ್ಬರಾದರೂ ವಿಚಾರಿಸಲಿಲ್ಲ. ವಿಚಾರಿಸದವರಿಗಾಗಿಯೂ ಇದನ್ನು ಬರೆಯುತ್ತಿದ್ದೇನೆ.

ನಮ್ಮಪ್ಪ ಮಾಳಪ್ಪ ಶೇಖಸಾಬರ ಎಲೆತೋಟದಲ್ಲಿ ಆಳಾಗಿದ್ದ. ಬಳ್ಳಿ ಕಟ್ಟುವುದು, ಎಲೆ ಕೊಯ್ಯುವುದು, ಕಟ್ಟು ಮಾಡಿ ಸಂತೆಗೆ ಹೊರುವುದು ಅವನ ಕೆಲಸ. ನಮ್ಮ ಕೇರಿಯವರನ್ನು ಬಾವಿಯ ಮೆಟ್ಟಿಲಿಗೆ ಬಿಡದ ಜನ, ನಮ್ಮಪ್ಪನ ಕೈಯಿಂದ ಬಂದ ಎಲೆಗೆ ನಾಲ್ಕು ಹನಿ ನೀರು ಚಿಮುಕಿಸಿ ದೇವರ ಮುಂದೆ ಇಡುತ್ತಿದ್ದರು. ಆ ನೀರಿನಿಂದ ಎಲೆ ಶುದ್ಧವಾಗುತ್ತಿತ್ತಂತೆ, ನಾವು ಆಗುತ್ತಿರಲಿಲ್ಲವಂತೆ. ಇದಕ್ಕೆ ರೋಸಿಹೋಗಿಯೇ ಅಪ್ಪ ಮಿಶನ್ನಿನವರ ಮತಕ್ಕೆ ಸೇರಿದ್ದು. ಅಷ್ಟರಲ್ಲಿ ಅಕ್ಕನೂ ಅವಳ ತಂಗಿ ಮಾದೇವಿ ಎಂಬ ನಾನೂ ಹುಟ್ಟಿ, ಊರದೇವಿಯರ ಹೆಸರು ನಮಗೆ ಅಂಟಿಕೊಂಡಾಗಿತ್ತು. ಚರ್ಚಿನ ಸಭೆಯವರು ಕೊಟ್ಟ ಹೊಸ ಹೆಸರುಗಳು ಶಾಲೆಯ ಹಾಜರಿಯಲ್ಲಿ ಉಳಿದವು, ಮನೆಯೊಳಗೆ ಬರಲಿಲ್ಲ.

ಅಕ್ಕ ಮಿಶನ್ನಿನ ಶಾಲೆಯಲ್ಲಿ ಓದಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು. ನಮ್ಮ ಕೇರಿಯಲ್ಲಿ ಗಂಡಸರೇ ಅಷ್ಟು ಓದಿರಲಿಲ್ಲ. ಇನ್ನು ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿದರೆ ಪೂರ್ತಿ ಪಗಾರದ ಮಾಸ್ತರಿಣಿ ಆಗಬಹುದಿತ್ತು. ಆದರೆ ಅಲ್ಲಿನ ಖರ್ಚು ಮಿಶನ್ನೇ ಹೊರಬೇಕು, ಮಿಶನ್ ಹೊರಬೇಕೆಂದರೆ ಮಿಸ್ಸಿಬಾಯಿಯ ಶಿಫಾರಸು ಬೇಕು. ಬಿಳಿಯರ ಸೀಮೆಯಿಂದ ಬಂದ ಆ ಮಿಸ್ಸಿಬಾಯಿ ಅಕ್ಕನಿಗೆ ತನ್ನ ಪುಸ್ತಕದ ಕನ್ನಡದಲ್ಲಿ, "ಬೇಸಿಗೆಯಲ್ಲಿ ಯೌವನಸ್ಥರ ಶಿಬಿರಕ್ಕೆ ಬಾ. ಅಲ್ಲಿ ನಾವು ನಿನ್ನನ್ನು ನೋಡುವೆವು. ಯೋಗ್ಯಳಾದರೆ ಕಳುಹಿಸುವೆವು" ಎಂದಿದ್ದಳು. ಇದು ಸಾವಿರದ ಒಂಬೈನೂರ ಮೂವತ್ತೆಂಟರ ಮಾತು. ಆಗ ನನಗೆ ಎಂಟು ವರ್ಷ, ಅಕ್ಕನಿಗೆ ಹದಿನೇಳು.

ಹೊರಡುವ ದಿನ ಶೇಖಸಾಬರು ತಾವೇ ತೋಟಕ್ಕಿಳಿದು ಎಳೆ ಎಲೆ ಆರಿಸಿ ಕೊಟ್ಟರು. "ಬೇಟಿ ದೊಡ್ಡ ಮಂದಿ ಹಂತೇಕ ಹೊಂಟಾಳ. ಖಾಲಿ ಕೈಲೆ ಹೋಗಬಾರದು, ಮಾಳಪ್ಪ" ಎಂದರು. ಅಪ್ಪ ತಲೆಗೆ ಸುತ್ತುತ್ತಿದ್ದ ತನ್ನ ಹಳೆಯ ಕೆಂಪು ರುಮಾಲಿನ ಒಂದು ತುಂಡು ಹರಿದು, ನೀರಿನಲ್ಲಿ ಅದ್ದಿ, ಎಲೆಯ ಕಟ್ಟನ್ನು ಅದರಲ್ಲಿ ಸುತ್ತಿದ. "ಮಿಸ್ಸಿಬಾಯಾರ ಕೈಯಾಗ ಕೊಡು. ನಮ್ಮ ತ್ವಾಟದ್ದು ಅಂತ ಹೇಳು" ಎಂದ. ಅಕ್ಕ ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಯಲವಿಗಿಯಲ್ಲಿ ರೈಲುಗಾಡಿ ಹತ್ತಿದಳು.

ಶಿಬಿರ ಇದ್ದದ್ದು ಕ್ಯಾಸಲ್‌ರಾಕಿನ ಹತ್ತಿರ ಘಟ್ಟದ ಮೇಲೆ. ಸ್ಟೇಶನ್ನಿನಿಂದ ಗುಡ್ಡ ಹತ್ತಿದರೆ ತುದಿಯಲ್ಲಿ ಮಿಶನ್ನಿನ ತಗಡಿನ ಬಂಗಲೆ. ಬಾಗಿಲಲ್ಲೇ ಸಮುವೇಲಪ್ಪ ಪಾದ್ರಿ ನಿಂತಿದ್ದ. ಅವನನ್ನು 'ಅವರು' ಎನ್ನಲು ನನಗೆ ಬಾಯಿ ಬರುವುದಿಲ್ಲ, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಅಕ್ಕನ ಮಡಿಲ ಗಂಟನ್ನು ನೋಡಿ, "ಅದೇನು?" ಎಂದ.

"ಎಲಿ ಅದಾವ್ರಿ. ಮಿಸ್ಸಿಬಾಯಾರಿಗೆ ಅಪ್ಪ ಕೊಟ್ಟಾನ."

"ಛೀ! ಇದು ಅನ್ಯಜನರ ಚಟ. ಎಲಿ ಕೊಟ್ಟು ಮಾತು ತಗೊಳ್ಳೋದು, ಎಲಿ ಇಟ್ಟು ಪೂಜಿ ಮಾಡೋದು, ಎಲ್ಲಾ ಸೈತಾನನ ಕೆಲಸ. ಇಲ್ಲಿ ಇದು ನಡಿಯೂದಿಲ್ಲ" ಎಂದವನೇ ಗಂಟು ಕಿತ್ತುಕೊಂಡು, ಅಡಿಗೆಮನೆ ನೋಡಿಕೊಳ್ಳುತ್ತಿದ್ದ ಯಂಕವ್ವನನ್ನು ಕರೆದು, "ದನಕ್ಕ ಹಾಕು" ಎಂದು ಅವಳ ಕೈಗೆ ಕೊಟ್ಟ. ಸೈತಾನನ ಕೆಲಸ! ಈ ಮಾತು ನೆನಪಿರಲಿ.

ಬೆಳಗಿನ ಮಂಜಿನಲ್ಲಿ ಪ್ರಾರ್ಥನೆ, ಆಮೇಲೆ ಬೈಬಲ್ ಪಾಠ, ಸಂಜೆ ಹುಲ್ಲಿನ ಬಯಲಿನಲ್ಲಿ ಚೆಂಡಾಟ, ಹಾಡು. ಹುಬ್ಬಳ್ಳಿ, ಗದಗಿನ ಹುಡುಗ ಹುಡುಗಿಯರು ಬೂಟು ಹಾಕಿಕೊಂಡು ಬಂದಿದ್ದರು. ಮೊದಲ ದಿನದ ಉಪದೇಶವೇ, ದೇವರ ಮುಂದೆ ಎಲ್ಲರೂ ಒಂದೇ ಎಂಬುದು. ಅಕ್ಕ ಅದನ್ನು ನಂಬಿದಳು. ಮಧ್ಯಾಹ್ನವೇ ಅವಳನ್ನು ರೊಟ್ಟಿ ಬಡಿಯಲು ಕರೆದರು. "ಹಳ್ಳಿ ಹುಡುಗಿ, ಕೈ ಚಲೋ ಐತಿ" ಎಂದರು. ಮರುದಿನ ಬೀಸುವ ಕೆಲಸ, ಅದರ ಮರುದಿನ ನೀರು ಹೊರುವುದು. ಬಯಲಿನಲ್ಲಿ ಉಳಿದವರು ಚೆಂಡು ಎಸೆದು ಕೇಕೆ ಹಾಕುವುದು ಅಡಿಗೆಮನೆಗೆ ಕೇಳುತ್ತಿತ್ತು.

ಅಕ್ಕ ಗೊಣಗಲಿಲ್ಲ. 'ಅಲ್ಲಿ ನಿನ್ನನ್ನು ನೋಡುವೆವು' ಎಂದಿದ್ದಳಲ್ಲ ಮಿಸ್ಸಿಬಾಯಿ, ಇದೂ ಪರೀಕ್ಷೆಯೇ ಇರಬೇಕೆಂದುಕೊಂಡಳು. ಒಲೆಯ ಮುಂದೆ ಕೂತೇ ಬೈಬಲ್ಲಿನ ವಚನ ಬಾಯಿಪಾಠ ಮಾಡಿದಳು. ಯಂಕವ್ವ ಎದುರಿಗೆ ಕೂತು ಅವಳನ್ನೇ ನೋಡುತ್ತಿದ್ದಳು. ರೊಟ್ಟಿ ತೆಳ್ಳಗೆ ಬರುತ್ತದೆಯೇ, ಸೊಂಟ ಗಟ್ಟಿ ಇದೆಯೇ, ಎದುರು ಮಾತಾಡುತ್ತಾಳೆಯೇ ಎಂದು. ಆಗಾಗ ಮಿಸ್ಸಿಬಾಯಿ ಬಾಗಿಲಲ್ಲಿ ನಿಂತು ನೋಡಿ ನಗುತ್ತಿದ್ದಳು, ಅಕ್ಕ ಮತ್ತಷ್ಟು ಹುರುಪಿನಿಂದ ರೊಟ್ಟಿ ಬಡಿಯುತ್ತಿದ್ದಳು. ಈಗ ಇದನ್ನು ನೆನೆದರೆ ಆ ರೊಟ್ಟಿಯ ಹಂಚನ್ನೇ ಎತ್ತಿ ಒಗೆಯಬೇಕು ಎನಿಸುತ್ತದೆ ನನಗೆ.

ಕೊನೆಯ ದಿನ ಊಟವಾದ ಮೇಲೆ ಎಲ್ಲರೂ ಗಂಟು ಕಟ್ಟುತ್ತಿದ್ದಾಗ ಯಂಕವ್ವ ಅಕ್ಕನನ್ನು ಪಡಸಾಲೆಗೆ ಕರೆದಳು. ಅಲ್ಲಿ ಪಾದ್ರಿ, ಮಿಸ್ಸಿಬಾಯಿ, ಹಿರೇಕೆರೂರ ಕಡೆಯ ಸಭೆಯ ಹಿರಿಯ ಪರಮೇಶಪ್ಪ ಕೂತಿದ್ದರು. ಕಂಬದ ಹತ್ತಿರ ಯಂಕವ್ವನ ಮಗ ಹೂವಪ್ಪ ನಿಂತಿದ್ದ. ಅವನು ಹಿರೇಕೆರೂರಿನಲ್ಲಿ ಮಿಶನ್ನಿನ ಉಪದೇಶಿ, ಹೆಂಡತಿ ಸತ್ತು ಎರಡು ಮಕ್ಕಳಿದ್ದವು. ಯಂಕವ್ವ ಎಲೆಯ ಮೇಲೆ ಅಡಿಕೆ ಇಟ್ಟು ಅಕ್ಕನ ಕೈಗೆ ಕೊಟ್ಟು, "ತಿನ್ನ ಮಗಳ, ಇಷ್ಟು ದಿನಾ ಬಾಯಿ ಸಪ್ಪಗಾಗಿತ್ತು" ಎಂದಳು. ಮನೆಗೆ ಬಂದವರು ಹೊರಡುವಾಗ ಎಲೆ-ಅಡಿಕೆ ಕೊಡುವುದು ನಮ್ಮಲ್ಲಿ ದಿನದ ರೂಢಿ. ಅಕ್ಕ ತಲೆಬಾಗಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಪಾದ್ರಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತ. ಅಕ್ಕನೂ ಕಣ್ಣು ಮುಚ್ಚಿದಳು. "ಕರ್ತನೇ, ಇಂದು ಜೊತೆಯಾದ ನಿನ್ನ ದಾಸ ಹೂವಪ್ಪನನ್ನೂ ಈ ಹೆಣ್ಣುಮಗಳನ್ನೂ ಆಶೀರ್ವದಿಸು..." ಎಂಬುದು ಕಿವಿಗೆ ಬಿದ್ದಾಗಲೇ ಅವಳಿಗೆ ಗೊತ್ತಾದದ್ದು.

ನಮ್ಮ ಕಡೆಯಲ್ಲಿ ಹೆಣ್ಣು ಗೊತ್ತು ಮಾಡುವುದೂ ಎಲೆಯಿಂದಲೇ. ಗಂಡಿನವರು ತಮ್ಮ ಮನೆಯಿಂದ ಎಲೆ-ಅಡಿಕೆ ತಂದು ಹಿರಿಯರ ಮುಂದೆ ಕೊಡುತ್ತಾರೆ. ತೆಗೆದುಕೊಂಡು ತಿಂದರೆ ಮಾತು ಗಟ್ಟಿ, ಆಮೇಲೆ ಮುರಿಯುವಂತಿಲ್ಲ.

ಅಕ್ಕ 'ಆಮೆನ್' ಎನ್ನಲಿಲ್ಲ. ಬಾಯಲ್ಲಿದ್ದದ್ದನ್ನು ಅಂಗಳಕ್ಕೆ ಉಗುಳಿ, "ಇದೇನ್ರಿ ಇದು? ನಾ ಟ್ರೇನಿಂಗಿಗೆ ಹೋಗಾಕ ಬಂದೇನಿ" ಎಂದಳು.

"ಇನ್ನ ಟ್ರೇನಿಂಗ್ ಯಾಕವ್ವ?" ಎಂದ ಪಾದ್ರಿ. "ಹೂವಪ್ಪನ ಜೋಡಿ ಇದ್ದು ಹೆಂಗಸರಿಗೆ ಓದೋದು ಕಲಿಸು. ಅದೂ ದೇವರ ಕೆಲಸನ." ಒಂದು ಪಗಾರದಲ್ಲಿ ಇಬ್ಬರು ಆಳು ಸಿಕ್ಕರೆ ಯಾರಿಗೆ ಬೇಡ!

"ನಮ್ಮಪ್ಪ ಇಲ್ಲ, ಅವ್ವ ಇಲ್ಲ. ಯಾರನ್ನ ಕೇಳಿ ಮಾಡಿದ್ರಿ?"

"ಸಭೆನ ನಿನಗ ತಂದಿ ತಾಯಿ. ಮಾಳಪ್ಪಗ ನಾ ಹೇಳ್ತೇನಿ. ಹಿರ್‍ಯಾರ ಮುಂದ ಎಲಿ ತಿಂದೀ. ಕೊಟ್ಟ ಮಾತು ಮುರಿಯೋದು ಪಾಪ."

"ಎಲಿ ಸೈತಾನನ ಕೆಲಸ ಅಂದ್ರೆಲ್ಲ ಬಂದ ದಿನಾ?"

ಮಿಸ್ಸಿಬಾಯಿ ಎದ್ದು, "ನೀನು ಶಾಂತಳಾಗಬೇಕು. ಕೋಪವು ಯೋಗ್ಯವಲ್ಲ" ಎಂದಳು. ಕೋಪ ಯೋಗ್ಯವಲ್ಲವಂತೆ! ಹೆಣ್ಣನ್ನು ರೊಟ್ಟಿ ನೋಡಿ ಆರಿಸಿ, ಎಲೆ ತಿನ್ನಿಸಿ ಕಟ್ಟಿಹಾಕುವುದು ಯೋಗ್ಯ.

ಅಕ್ಕ ಅಳಬೇಕೆಂದಿದ್ದಳಂತೆ. ಅಷ್ಟರಲ್ಲಿ ಯಂಕವ್ವ ಹಿರಿಯರಿಗೂ ಎಲೆ ಕೊಡಲು ಬಗಲಿನಿಂದ ಗಂಟು ಬಿಚ್ಚಿದಳು. ಅದು ಕೆಂಪು ರುಮಾಲಿನ ತುಂಡು. ದನಕ್ಕೆ ಹಾಕು ಎಂದದ್ದನ್ನು ಯಂಕವ್ವ ದಿನಾ ನೀರು ಚಿಮುಕಿಸಿ ಕಾಪಾಡಿದ್ದಳು. ಸವಣೂರ ಎಳೆ ಎಲೆಯನ್ನು ದನಕ್ಕೆ ಹಾಕಲು ಅವಳಿಗಾದರೂ ಮನಸ್ಸು ಹೇಗೆ ಬಂದೀತು? ಅಕ್ಕ ಒಂದೇ ಹೆಜ್ಜೆಗೆ ಹೋಗಿ ಆ ಗಂಟು ಕಸಿದುಕೊಂಡು ಪರಮೇಶಪ್ಪನ ಮುಂದೆ ಹಿಡಿದಳು.

"ನೋಡ್ರಿ ಯಜಮಾನ್ರ. ಇದು ನಮ್ಮಪ್ಪನ ತಲೀ ಮ್ಯಾಲಿನ ರುಮಾಲ. ಎಲಿ ನಾ ತಂದಿದ್ದು. ಗಂಡಿನ ಮನಿಯಿಂದ ಏನ್ ಬಂತು, ಹೇಳ್ರಿ? ನಮ್ಮ ಎಲಿ ನಮಗ ತಿನ್ನಿಸಿದ್ರ ಅದ್ಯಾವ ಮಾತು?"

ಪರಮೇಶಪ್ಪ ಹಳೆಯ ಕಾಲದ ಮನುಷ್ಯ. ಮತ ಬದಲಿಸಿದ್ದರೂ ಇಂಥ ಪಂಚಾಯ್ತಿ ಎಷ್ಟೋ ಮಾಡಿದವನು. ಬಟ್ಟೆಯನ್ನು ಮುಟ್ಟಿ ನೋಡಿದ. ಯಂಕವ್ವನ ಕಡೆ ತಿರುಗಿ, "ಖರೇ ಏನ?" ಎಂದ. ಅವಳು ಖಾಲಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹಂಗಾದ್ರ ಇದು ಮಾತು ಅಲ್ಲ ಪಾದ್ರಿಗಳ. ಹೆಣ್ಣಿನ ಮನಿ ಎಲಿ ಹೆಣ್ಣಿಗೆ ಕೊಟ್ರ ಮದವಿ ಗೊತ್ತಾಗೂದಿಲ್ಲ. ಹುಡುಗೀನ ಬಿಡ್ರಿ" ಎಂದು ಎದ್ದೇಬಿಟ್ಟ. ಹೂವಪ್ಪ ಮೊದಲೇ ಕಂಬದ ಹಿಂದೆ ಸರಿದಿದ್ದ. ಪಾಪ, ಅವನನ್ನೂ ಯಾರೂ ಕೇಳಿರಲಿಲ್ಲವೋ ಏನೋ.

ಅಕ್ಕ ಗೆದ್ದು ಬಂದಳು, ಆದರೆ ಶಿಫಾರಸು ಬರಲಿಲ್ಲ. 'ಬುದ್ಧಿ ಇದೆ, ವಿನಯ ಇಲ್ಲ' ಎಂದು ಮಿಸ್ಸಿಬಾಯಿ ಅಪ್ಪನಿಗೆ ಹೇಳಿದಳು. ಆ ವರ್ಷ ಗದಗಿನ ಒಬ್ಬಳು ಧಾರವಾಡಕ್ಕೆ ಹೋದಳು. ಅಪ್ಪ ಅಕ್ಕನನ್ನು ಬೈಯಲಿಲ್ಲ. ರುಮಾಲಿನ ತುಂಡನ್ನು ತೊಳೆದು ಗೂಟಕ್ಕೆ ಹಾಕಿ, "ನಾ ಕೊಟ್ಟ ಎಲಿ ನಿನ್ನ ಉಳಿಸ್ತು ಅನ್ನಲೋ, ಕೆಡಿಸ್ತು ಅನ್ನಲೋ" ಎಂದ. ಅಕ್ಕ ಸವಣೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟ್ರೇನಿಂಗ್ ಇಲ್ಲದ ಸಹಾಯಕಿಯಾಗಿ ಅರ್ಧ ಪಗಾರಕ್ಕೆ ಸೇರಿದಳು. ಮುಂದೆ ಅದೇ ಎಲೆತೋಟದಲ್ಲಿ ದುಡಿಯುವವನೊಬ್ಬನನ್ನು ಮದುವೆಯಾದಳು. ಗೊತ್ತು ಮಾಡುವ ದಿನ, ಎಲೆ ಯಾರ ಮನೆಯವು ಎಂದು ಹಿರಿಯರ ಮುಂದೆ ಬಾಯಿಬಿಟ್ಟು ಕೇಳಿಯೇ ತಿಂದಳು. ಅವಳ ಹತ್ತಿರ ಅಕ್ಷರ ಕಲಿತವರು ಮುಂದೆ ಟ್ರೇನಿಂಗ್ ಮುಗಿಸಿ ಬಂದು ಅವಳ ಮೇಲೆಯೇ ಹೆಡ್‌ಮಾಸ್ತರಿಣಿಯರಾದರು. ಅವರಿಗೂ ಅವಳು ಎದ್ದು ನಿಂತು ನಮಸ್ಕಾರ ಮಾಡಬೇಕಿತ್ತು. ಇದಕ್ಕಾಗಿ ನಾನು ಯಾರನ್ನೂ ಕ್ಷಮಿಸಿಲ್ಲ.

ನಾನು ಮಾದೇವಿ ಮಾತ್ರ ಟ್ರೇನಿಂಗ್ ಮುಗಿಸಿದೆ. ಅದು ಹೇಗೆಂದು ಹೇಳದಿದ್ದರೆ ಅಕ್ಕನ ಕಥೆ ಮುಗಿಯುವುದಿಲ್ಲ.

ನಲವತ್ತೇಳರ ಬೇಸಿಗೆಯಲ್ಲಿ ನನಗೂ ಹದಿನೇಳಾಗಿ, ನಾನೂ ಮುಲ್ಕಿ ಪಾಸಾಗಿ, ನನ್ನನ್ನೂ ಅದೇ ಶಿಬಿರಕ್ಕೆ ಕರೆದರು. ಮಿಸ್ಸಿಬಾಯಿ ತನ್ನ ಸೀಮೆಗೆ ಹೋಗಿಯಾಗಿತ್ತು. ಈಗ ಶಿಫಾರಸು ಮಾಡುವವನು ಸಮುವೇಲಪ್ಪ ಪಾದ್ರಿಯೇ. ಅಕ್ಕ ಶಾಲೆಗೆ ರಜೆ ಹಾಕಿ ನನ್ನ ಜೊತೆ ಹೊರಟಳು. ಗುಡ್ಡ ಹತ್ತಿದಾಗ ಬಂಗಲೆಯ ಬಾಗಿಲಲ್ಲಿ ಅವನೇ ನಿಂತಿದ್ದ, ತಲೆ ನೆರೆತಿತ್ತು. ಸುತ್ತ ಮಕ್ಕಳನ್ನು ಬಿಡಲು ಬಂದ ತಂದೆತಾಯಿಯರು, ಊರೂರಿನ ಸಭೆಯ ಹಿರಿಯರು. ಮುಪ್ಪಾದ ಪರಮೇಶಪ್ಪನೂ ಒಂದು ಕಲ್ಲಿನ ಮೇಲೆ ಕೂತಿದ್ದ.

ಅಕ್ಕ ಮಡಿಲಿನಿಂದ ಕೆಂಪು ರುಮಾಲಿನ ಗಂಟು ತೆಗೆದಳು. ಅವಳು ಅವಸರ ಮಾಡದೆ ಒಂದು ಎಲೆ ತೆಗೆದು, ಸೆರಗಿನಿಂದ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಅವನ ಮುಂದೆ ಹಿಡಿದಳು.

"ತಗೋರಿ ಪಾದ್ರಿಗಳ. ಈ ಎಲಿ ನಮ್ಮ ಮನೀವು. ಪರಮೇಶಪ್ಪಾರು ಕುಂತಾರ, ಇಷ್ಟು ಮಂದಿ ಹಿರ್‍ಯಾರು ಅದಾರ. ನನ್ನ ತಂಗೀನ ಟ್ರೇನಿಂಗಿಗೆ ಕಳಸ್ತೇನಿ ಅಂತ ಮಾತು ಕೊಡ್ರಿ. ಎಲಿ ತಿಂದ್ರ ಮಾತು, ಮುರದ್ರ ಪಾಪ. ನೀವ ಹೇಳಿದ್ದು."

ಪಾದ್ರಿ ಸುತ್ತಲೂ ನೋಡಿದ. ಎಲ್ಲರೂ ಹತ್ತಿರ ಬಂದು ಸುತ್ತುಗಟ್ಟಿದ್ದರು. ಪರಮೇಶಪ್ಪ ಕೋಲೂರಿ ಎದ್ದು ನಿಂತು, "ತಿನ್ರಿ ಪಾದ್ರಿಗಳ. ಇದು ಪದ್ಧತಿ ಪ್ರಕಾರ ಐತಿ" ಎಂದ.

ಪಾದ್ರಿ ಎಲೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಅವನು ಅಗಿದು ನುಂಗುವ ತನಕ ಅಕ್ಕ ಅಲ್ಲಿಂದ ಕದಲಲಿಲ್ಲ. ಆಮೇಲೆ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಒಳಗ ನಡಿ. ಅಡಿಗಿಮನಿಗೆ ಕರದ್ರ ಹೋಗಬ್ಯಾಡ."