ಚೀನಾದ ದೆವ್ವಗಳನ್ನು ಕಟ್ಟಿಕೊಂಡು ಬಹರೈನಿಗೆ

ಮಂಗಳೂರಿನಿಂದ ಬಹರೈನಿಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ನನ್ನ ಚೀಲದಲ್ಲಿದ್ದದ್ದು ಎರಡು ಜೊತೆ ಬಟ್ಟೆ, ಒಂದು ಕಟ್ಟು ಹಲಸಿನ ಹಪ್ಪಳ ಮತ್ತು ಹಳೆಯ ಚೀನಾದ ದೆವ್ವದ ಕಥೆಗಳ ಮೇಲೆ ಬರೆದ ಒಂದು ಭಾಷಣ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಈ ಕಥೆಗಳನ್ನು ಅನುವಾದದಲ್ಲಿ ಓದುತ್ತಾ ಅರ್ಧ ಆಯುಷ್ಯ ಕಳೆದಿದ್ದೇನೆ. ಊರಿನಲ್ಲಿ ಇದನ್ನು ಕೇಳುವ ನರಪಿಳ್ಳೆಯಿಲ್ಲ. ಅಂಥದ್ದರಲ್ಲಿ ಕಡಲಾಚೆಯಿಂದ ಟಿಕೆಟ್ ಸಮೇತ ಕರೆ ಬಂದರೆ ಉಬ್ಬದೆ ಇರಲಾದೀತೇ?

ಕರೆದವರು ದಯಾನಂದ. ಅವರೂ ನಮ್ಮ ಕಡೆಯ ತುಳುವರು, ಅಲ್ಲಿನ ಒಂದು ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಮೇ ತಿಂಗಳ ಕೊನೆಯಾದ್ದರಿಂದ ವಿಮಾನ ನಿಲ್ದಾಣದ ಹೊರಗೆ ಕಾಲಿಟ್ಟದ್ದೇ ಕನ್ನಡಕಕ್ಕೆ ಹಬೆ ಹಿಡಿಯಿತು. ಅವರೇ ಕಾರು ತಂದಿದ್ದರು. ಮುಹರ್ರಕ್‌ನ ಸೇತುವೆ ದಾಟಿ ಡಿಪ್ಲೊಮ್ಯಾಟಿಕ್ ಏರಿಯಾದ ಗಾಜಿನ ಕಟ್ಟಡಗಳ ನಡುವೆ ತಮ್ಮ ಆಫೀಸನ್ನು ತೋರಿಸಿದರು. ಜಿಂಜ್‌ನಲ್ಲಿರುವ ಅವರ ಫ್ಲ್ಯಾಟಿಗೆ ಹೋಗಿ ಕೂತರೆ ನೀರುದೋಸೆ, ಹಮೂರ್ ಮೀನಿನ ಗಸಿ, ಕೋಳಿ ಸುಕ್ಕ. ಬೇಡ ಎಂದರೂ ಬಿಡದೆ ಬಡಿಸಿದರು. ಬೀಗರಿಗೆ ಮಾಡುವಂಥ ಉಪಚಾರ.

ಊಟದ ನಡುವೆ ದಯಾನಂದ ನನ್ನನ್ನು ವಿಚಾರಿಸಿದರು. “ನಿಮ್ಮದು ಯಾವ ಬರಿ ಸರ್? ತಂದೆಯವರು ಇಲ್ಲ ಅಲ್ವಾ? ಮನೆಯಲ್ಲಿ ಈಗ ಹಿರಿಯರು ಅಂದ್ರೆ ನೀವೇಯಾ?” ಬರಿ ಎಂದರೆ ನಮ್ಮಲ್ಲಿ ಗೋತ್ರವಿದ್ದಂತೆ, ಒಂದೇ ಬರಿಯವರು ಮದುವೆಯಾಗುವಂತಿಲ್ಲ. ನಮ್ಮ ಕರಾವಳಿಯವರಿಗೆ ಈ ಕುತೂಹಲ ಎಲ್ಲಿ ಹೋದರೂ ತಪ್ಪಿದ್ದಲ್ಲ ಎಂದುಕೊಂಡು ಎಲ್ಲಕ್ಕೂ ಉತ್ತರ ಕೊಟ್ಟೆ.

ಮರುದಿನ ಶುಕ್ರವಾರ ಸಂಜೆ ಭಾಷಣ. ನಮ್ಮ ಕಡೆಯ ನರ್ಸುಗಳು, ಅಕೌಂಟೆಂಟರು, ಹೋಟೆಲಿನ ಮ್ಯಾನೇಜರರು, ಹೀಗೆ ಸಭಾಂಗಣ ತುಂಬಿತ್ತು. ನಾನು ಹುರುಪಿನಿಂದ ಶುರುಮಾಡಿದೆ. ಆ ಕಥೆಗಳನ್ನು ಬರೆದವರು ಅಜ್ಜಿಯರಲ್ಲ. ಕಷ್ಟದ ಪರೀಕ್ಷೆಗಳನ್ನು ಪಾಸು ಮಾಡಿ ಅಧಿಕಾರಿಗಳಾದ ಪಂಡಿತರು, ಅಥವಾ ಅವೇ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದ ಪಂಡಿತರು. ದೆವ್ವಭೂತಗಳ ಮಾತೆತ್ತುವುದು ದೊಡ್ಡಸ್ತಿಕೆಗೆ ಕುಂದು ಎಂದು ಕಲಿತವರೇ ಸ್ನೇಹಿತರು ಸೇರಿದಾಗ ದೆವ್ವದ ಕಥೆ ಹೇಳುತ್ತಿದ್ದರು, ಮನೆಗೆ ಬಂದು ಬರೆದಿಡುತ್ತಿದ್ದರು. ಇದನ್ನು ಇಂಥ ಊರಿನ ಅಧಿಕಾರಿ ಹೇಳಿದ, ಅವನಿಗೆ ಅವನ ಭಾವಮೈದುನ ಹೇಳಿದ ಎಂದು ಕೊನೆಗೆ ಸಾಕ್ಷಿಯನ್ನೂ ಸೇರಿಸುತ್ತಿದ್ದರು.

ಆಮೇಲೆ ನನ್ನ ಮೆಚ್ಚಿನ ಬಗೆಯ ಕಥೆ ಹೇಳಿದೆ. ಪರದೇಶದ ದಾರಿಯಲ್ಲಿ ಒಬ್ಬ ಓದಿದವನು. ಒಂದು ದೊಡ್ಡ ಮನೆಯವರು ಕರೆದು ಭಾರಿ ಊಟ ಹಾಕುತ್ತಾರೆ, ಅವನ ಪಾಂಡಿತ್ಯವನ್ನು ಹೊಗಳುತ್ತಾರೆ. ಅವರಿಗೆ ಬೇಕಾದದ್ದು ಪಾಂಡಿತ್ಯವಲ್ಲ, ಸತ್ತುಹೋದ ಮಗಳಿಗೊಂದು ಗಂಡು. ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬಾಕೆ ಕೇಳಿದರು, “ಅವರು ನಂಬ್ತಿದ್ರಾ ಸರ್, ಇಲ್ಲ ಸುಮ್ಮನೆ ಬರೆದದ್ದಾ?”

“ಅಷ್ಟು ಓದಿದವರು ನಂಬುತ್ತಾರೆಯೇ? ಹೊತ್ತು ಕಳೆಯಲು ಬರೆದದ್ದು,” ಎಂದೆ. ಸಭೆ ಗಪ್‌ಚಿಪ್. ನನ್ನ ಮಾತಿಗೆ ಮಂತ್ರಮುಗ್ಧರಾಗಿದ್ದಾರೆ ಎಂದು ತಿಳಿದೆ. ದಡ್ಡ ನಾನು.

ಶನಿವಾರ ಬೆಳಿಗ್ಗೆ ದಯಾನಂದ, “ಅಮ್ಮನನ್ನು ಒಮ್ಮೆ ನೋಡಿಕೊಂಡು ಬರುವ ಸರ್,” ಎಂದು ಸಲ್ಮಾನಿಯಾದ ಆಸ್ಪತ್ರೆಗೆ ಕರೆದೊಯ್ದರು. ತಾಯಿ ಗಿರಿಜಕ್ಕನಿಗೆ ಹೃದಯದ ಕಾಯಿಲೆ ಎಂದಷ್ಟೇ ಗೊತ್ತಿತ್ತು. ವಾರ್ಡಿನ ಬಾಗಿಲಲ್ಲಿ ಉಡುಪಿ ಕಡೆಯ ನರ್ಸ್ ಲವೀನಾ ನನ್ನನ್ನು ನೋಡಿ ಮುಖವರಳಿಸಿದರು. “ಹುಡುಗನ ಕಡೆಯವರು ಬಂದ್ರಾ? ಅಮ್ಮ ಬೆಳಿಗ್ಗೆಯಿಂದ ಕಾಯ್ತಾ ಇದ್ದಾರೆ ಮಾರಾಯ್ರೆ!”

“ಯಾವ ಹುಡುಗ?” ಎಂದೆ. ದಯಾನಂದ ನನ್ನನ್ನು ಕಾರಿಡಾರಿನ ಬೆಂಚಿನಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದರು.

ಅವರು ಹುಟ್ಟುವ ಮೊದಲು ಅವರಿಗೊಬ್ಬಳು ಅಕ್ಕ ಇದ್ದಳು, ವಸಂತಿ. ಊರಿನಲ್ಲಿ ಆರನೇ ವಯಸ್ಸಿಗೆ ಜ್ವರ ಬಂದು ತೀರಿಕೊಂಡಳು. ನಮ್ಮಲ್ಲಿ ಸತ್ತ ಮಕ್ಕಳೂ ಆ ಲೋಕದಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ. ಎರಡೂ ಮನೆಯವರು ಒಪ್ಪಿ ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆ ಮದುವೆ ಮಾಡುತ್ತಾರೆ. ಇದು ಕುಲೆ ಮದಿಮೆ, ಪ್ರೇತಗಳ ಮದುವೆ. ಗಿರಿಜಕ್ಕ ಆಪರೇಶನ್ನಿಗೆ ಒಪ್ಪುತ್ತಿಲ್ಲ. ತಾನು ಅಲ್ಲೇ ಹೋಗಿಬಿಟ್ಟರೆ ಮಗಳಿಗೆ ಗಂಡು ಹುಡುಕುವವರು ಯಾರು ಎಂಬುದು ಅವರ ಹಟ. ಡಾಕ್ಟರು ಇನ್ನು ತಡಮಾಡಬೇಡಿ ಎಂದಿದ್ದಾರೆ.

“ನಿಮ್ಮ ಅಣ್ಣ ಸಣ್ಣದರಲ್ಲಿ ಹೋದದ್ದಲ್ವಾ ಸರ್? ಊರಿಗೆ ಹೋದಾಗ ನಿಮ್ಮ ಚಿಕ್ಕಮ್ಮ ಹೇಳಿದರು. ಬರಿ ಬೇರೆ, ಪ್ರಾಯವೂ ಸರಿ ಹೋಗ್ತದೆ.”

ನನಗೆ ಸಿಟ್ಟು ನೆತ್ತಿಗೇರಿತು. “ಹಾಗಾದರೆ ನನ್ನನ್ನು ಕರೆಸಿದ್ದು ಭಾಷಣಕ್ಕಲ್ಲ!”

“ಭಾಷಣಕ್ಕೂ ಹೌದು ಸರ್,” ಎಂದರು ದಯಾನಂದ. “ಫೋನಿನಲ್ಲಿ ಕೇಳಿದ್ರೆ ನೀವು ನಗ್ತಿದ್ರಿ.”

ನಗುತ್ತಿದ್ದೆ, ಅದು ನಿಜ. ಎಂಬಿಎ ಮಾಡಿದವರು ಇದನ್ನು ನಂಬುತ್ತೀರಾ ಎಂದು ಕೇಳಿದೆ. “ನನಗೆ ಗೊತ್ತಿಲ್ಲ ಸರ್. ನನಗೆ ಅಮ್ಮ ಬೇಕು,” ಎಂದರು. ಅವರ ಕಣ್ಣು ತುಂಬಿತ್ತು. ಸೂಟು ತೊಟ್ಟ ಆ ಮನುಷ್ಯ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದರು. ಇಂಥ ಕಥೆಯನ್ನು ನಿನ್ನೆಯಷ್ಟೇ ವೇದಿಕೆಯಲ್ಲಿ ಹೇಳಿದ್ದೆ, ಎರಡು ದಿನದಿಂದ ಅದರೊಳಗೇ ಕೂತು ಉಣ್ಣುತ್ತಿದ್ದೆ, ತಿಳಿಯಲಿಲ್ಲ.

ಮುದುಕಿಗೆ ನಯವಾಗಿ ಬುದ್ಧಿ ಹೇಳಿ ಹೊರಟುಬಿಡುವುದು ಎಂದು ನಿರ್ಧರಿಸಿ ಒಳಗೆ ಹೋದೆ. ಗಿರಿಜಕ್ಕ ದಿಂಬಿಗೊರಗಿ ಕೂತಿದ್ದರು. ತಲೆ ಬಾಚಿ, ಯಾರ ಹತ್ತಿರವೋ ಕೇಳಿ ತರಿಸಿದ ಮಲ್ಲಿಗೆ ಮುಡಿದಿದ್ದರು. ನಾನು ಬಾಯಿ ತೆರೆಯುವ ಮೊದಲೇ ತುಳುವಿನಲ್ಲಿ ಕೇಳಿದರು: “ಹುಡುಗನ ಹೆಸರೇನು?”

“ಸುಧಾಕರ,” ಎಂದೆ. ಆ ಹೆಸರು ನನ್ನ ಬಾಯಿಂದ ಬಂದು ಎಷ್ಟೋ ಕಾಲವಾಗಿತ್ತು. ಅವನು ಹೋದ ಮೇಲೆ ಅಪ್ಪ ಅವನ ಫೋಟೋವನ್ನು ಪೆಟ್ಟಿಗೆಗೆ ಹಾಕಿ, ಇನ್ನು ಮೇಲೆ ಈ ಮಾತು ಯಾರೂ ಎತ್ತಬಾರದು ಎಂದಿದ್ದರು. ಮನೆಯಲ್ಲಿ ಯಾರೂ ಎತ್ತಲಿಲ್ಲ.

“ಸಿಟ್ಟು ಉಂಟಾ ಅವನಿಗೆ?”

“ಇಲ್ಲ. ಜಗಳಗಂಟ ನಾನು. ಅವನು ಹುರಿದ ಬಂಗುಡೆಯಲ್ಲಿ ದೊಡ್ಡದನ್ನು ನನ್ನ ಬಟ್ಟಲಿಗೆ ಹಾಕುತ್ತಿದ್ದ,” ಎಂದೆ. ಹೇಳುತ್ತಿರುವುದು ನಾನೇ ಎಂದು ನಂಬಲಾಗಲಿಲ್ಲ. ನಿಲ್ಲಿಸಲೂ ಆಗಲಿಲ್ಲ. ಅವನು ಈಜುತ್ತಿದ್ದದ್ದು, ಕಾಮಾಲೆಯಲ್ಲಿ ಮಲಗಿದ್ದಾಗಲೂ ನನ್ನ ಲೆಕ್ಕ ಮಾಡಿಕೊಟ್ಟದ್ದು, ಎಲ್ಲ ಹೇಳಿದೆ. ಮುದುಕಿ ಒಂದೊಂದಕ್ಕೂ ತಲೆದೂಗಿದರು.

“ನಮ್ಮವಳು ಸ್ವಲ್ಪ ಹಟಮಾರಿ,” ಎಂದರು ಕೊನೆಗೆ. “ಸುಧಾರಿಸಿಕೊಳ್ಳಲಿಕ್ಕೆ ಹೇಳಬೇಕು ಅವನಿಗೆ.”

“ಹೇಳ್ತೇನೆ,” ಎಂದೆ. ದಯಾನಂದ ಬಾಗಿಲಿಗೆ ಮುಖ ಮಾಡಿ ನಿಂತಿದ್ದರು. ಗಿರಿಜಕ್ಕ ಲವೀನಾರನ್ನು ಕರೆದು ಡಾಕ್ಟರಿಗೆ ಬರಲು ಹೇಳಿ ಎಂದರು.

ಭಾನುವಾರ ಹಿಂತಿರುಗುವ ವಿಮಾನ. ಆ ಹೊತ್ತಿಗೆ ಆಪರೇಶನ್ ಮುಗಿದಿರಲಿಲ್ಲ. ಮಂಗಳೂರಿನಲ್ಲಿ ಇಳಿದು ಫೋನ್ ತೆರೆದಾಗ ದಯಾನಂದರ ಸಂದೇಶ ಬಂದಿತ್ತು: ಅಮ್ಮ ಕಣ್ಣು ಬಿಟ್ಟರು, ಮದುವೆಯ ದಿನ ಯಾವುದು ಎಂದು ಕೇಳಿದರು. ನಿಲ್ದಾಣಕ್ಕೆ ಮಗಳು ಕಾರು ತಂದಿದ್ದಳು. ಭಾಷಣ ಹೇಗಾಯಿತು ಎಂದು ಕೇಳಿದಳು.

“ನಿನ್ನ ದೊಡ್ಡಪ್ಪನಿಗೆ ಮದುವೆ ನಿಶ್ಚಯವಾಯಿತು,” ಎಂದೆ.

ಅವಳು ಕಾರಿನ ಕೀಲಿ ತಿರುಗಿಸಿದವಳು ಹಾಗೇ ಬಿಟ್ಟು ನನ್ನನ್ನೇ ನೋಡಿದಳು. “ನಂಗೆ ದೊಡ್ಡಪ್ಪ ಇದ್ದಾರಾ ಪಪ್ಪಾ?”

“ಇದ್ದಾನೆ,” ಎಂದೆ.