ನಾಯಿಕೆಮ್ಮಿಗೆಂದು ತಂದ ಮುಳ್ಳಿಲಿ

ಅರವತ್ತರ ದಶಕದ ಮಾತು. ಶಿರಾದಲ್ಲಿ ನಮ್ಮ ಮನೆ ಊರಂಚಿಗಿತ್ತು. ಹಿತ್ತಲು ದಾಟಿದರೆ ಕಡಲೆಕಾಯಿ ಹೊಲ. ಆ ವರ್ಷ ನನ್ನ ಮಗಳಿಗೆ ನಾಯಿಕೆಮ್ಮು ಹಿಡಿಯಿತು. ಇನ್ನೂ ಮಾತು ಬಾರದ ಕೂಸು. ಕೆಮ್ಮು ಬಂತೆಂದರೆ ಉಸಿರು ಸಿಕ್ಕಿ ಮುಖ ನೀಲಿಗಟ್ಟುತ್ತಿತ್ತು. ಆಸ್ಪತ್ರೆಯ ಔಷಧಿ ಕೊಡುತ್ತಿದ್ದೆವು, ಗುಣ ಕಾಣುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಹೊಲದಾಳಿನ ಕೈಲಿ ಮುಳ್ಳಿಲಿಯೊಂದನ್ನು ತರಿಸಿದರು. ಬೇಲಿಯ ಕತ್ತಾಳೆ ಬುಡದಲ್ಲಿ ಸಿಕ್ಕಿತ್ತಂತೆ. ಬಿದಿರು ಬುಟ್ಟಿಯಲ್ಲಿ ಮುಳ್ಳಿನ ಚೆಂಡಾಗಿ ಮುದುರಿಕೊಂಡಿತ್ತು.

"ಇದರ ಮುಳ್ಳು ಸುಟ್ಟು, ಜೇನುತುಪ್ಪದಾಗೆ ಕಲಸಿ ನೆಕ್ಕುಸ್ಬುಟ್ರೆ ಕೆಮ್ಮು ನಿಂತೋಯ್ತದೆ ಕಣಮ್ಮ" ಎಂದರು ಅತ್ತೆ.

ಅದಕ್ಕೆ ಮೊದಲು ಅದನ್ನು ಕೊಲ್ಲಬೇಕಿತ್ತು. ನಾನು ಬೇಡವೆನ್ನಲಿಲ್ಲ. ಕೂಸು ಉಳಿದರೆ ಸಾಕಾಗಿತ್ತು.

ಮಗುವನ್ನು ನೋಡಲು ಪಕ್ಕದ ಮುಸ್ಲಿಮರ ಮನೆಯ, ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದ ಹೆಂಗಸು ಬಂದರು. ನನ್ನ ಹೆರಿಗೆ ಮಾಡಿಸಿದ ಸೂಲಗಿತ್ತಿ ಅವರೇ. ಅತ್ತೆ ಒಂದು ಕೈಲಿ ಕುಡುಗೋಲು ಹಿಡಿದು ನೀರು ಚಿಮುಕಿಸಿದಾಗ ಮುಳ್ಳಿಲಿ ಮೆಲ್ಲಗೆ ಬಿಚ್ಚಿಕೊಂಡಿತು. ಚೂಪು ಮೂತಿ ಹೊರಬಂತು. ಬುಟ್ಟಿಯ ಅಂಚಿಗೆ ಮುಂಗಾಲೂರಿ ಹತ್ತಲು ನೋಡಿತು. ಮುಳ್ಳಿಲ್ಲದ, ಕೂದಲೂ ತೆಳುವಾದ ಹೊಟ್ಟೆ ಕಂಡಿತು.

"ಅರೆ, ಇದು ಬಾಣಂತಿ ಕಣಮ್ಮ!" ಎಂದರು ಖಾಲಾ. "ಹಾಲು ಕಟ್ಟೈತೆ ನೋಡು. ಮರಿಗಳು ಬಿಲದಾಗೆ ಹಸ್ಕೊಂಡಿರ್ತವೆ."

ಅತ್ತೆ ಕುಡುಗೋಲು ಕೆಳಗಿಟ್ಟರು. ತಾವೇ ಹೆತ್ತ ಎಳೆಗೂಸುಗಳನ್ನು ಮಣ್ಣಿಗಿಟ್ಟಿದ್ದ ಹೆಂಗಸು ಅವರು.

"ಎಲ್ಲಿತ್ತೋ ಅಲ್ಲೇ ಬುಟ್ಬುಟ್ಟು ಬಾ" ಎಂದರು ಅತ್ತೆ.

ಮಗುವನ್ನು ಅವರ ತೊಡೆಗೆ ಕೊಟ್ಟು ನಾನೇ ಬುಟ್ಟಿ ಹೊತ್ತು ನಡೆದೆ. ಕತ್ತಾಳೆ ಬುಡದಲ್ಲಿ ಇಳಿಸಿದರೆ ಅದು ಮತ್ತೆ ಮುದುರಿಕೊಂಡಿತು, ಅಲುಗಲಿಲ್ಲ. ಹೊತ್ತು ಇಳಿಯುತ್ತಿತ್ತು. ಅಲ್ಲಿ ಮಗು ಕೆಮ್ಮುತ್ತಿದ್ದರೆ? ಇಲ್ಲಿ ಮರಿಗಳು ಆಗಲೇ ಸತ್ತಿದ್ದರೆ? ಮನೆಗೆ ಓಡಲಾರದೆ ಅಲ್ಲೇ ನಿಂತೆ. ಕಡೆಗೆ ಮೂತಿ ಹೊರಬಂತು. ಗಾಳಿ ಮೂಸಿ, ದಾರಿಯಲ್ಲಿದ್ದ ಜೀರುಂಡೆಯನ್ನು ಕಟಕಟನೆ ಅಗಿದು, ಎಲೆಗಳಡಿ ನುಸುಳಿತು. ಮರಿಗಳ ಸದ್ದು ಕೇಳಲೆಂದು ಕಿವಿಗೊಟ್ಟೆ. ಏನೂ ಕೇಳಲಿಲ್ಲ.

ಮುಂದಿನ ವಾರಗಳು ಇನ್ನೂ ಕಷ್ಟದವು. ಮಗಳು ಕೆಮ್ಮಿದಾಗೆಲ್ಲ ಕೈಗೆ ಬಂದ ಮದ್ದನ್ನು ಬಿಟ್ಟೆವಲ್ಲ ಎನಿಸುತ್ತಿತ್ತು. ಒಮ್ಮೆ ಕೇಳಿಯೂಬಿಟ್ಟೆ: "ಅತ್ತೆ, ತಪ್ಪು ಮಾಡುದ್ವಾ?"

"ಬಾಯ್ಮುಚ್ಕೊಂಡು ಬೆನ್ನು ತಟ್ಟು" ಎಂದರು.

ಕಡಲೆಕಾಯಿ ಒಕ್ಕಣೆ ಮುಗಿಯುವ ಹೊತ್ತಿಗೆ ಕೆಮ್ಮು ಸಡಿಲವಾಯಿತು. ತಿಂದ ಮುದ್ದೆ ಹೊಟ್ಟೆಯಲ್ಲಿ ನಿಂತಿತು. ಮಗಳು ಚೇತರಿಸಿಕೊಂಡಳು. ಆದರೂ ಎಷ್ಟೋ ಕಾಲ, ಅವಳು ಮಲಗಿದಾಗ ಮೂಗಿನ ಬಳಿ ಬೆರಳಿಟ್ಟು ನೋಡುವುದನ್ನು ನಾನು ಬಿಡಲಿಲ್ಲ.